ಪೋಸ್ಟ್‌ಗ್ರೆಸ್ ನಿರ್ವಾಹಕರ ಮೂರು ತಂತ್ರಾಂಶಗಳು: ಸರ್ವರ್ ಕಡೆಯಿಂದ ಒಂದು ವಿಮರ್ಶೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿರ್ವಹಿಸುವವರು ಹೆಚ್ಚಾಗಿ ಬಳಸುವ ಡಿಬೀವರ್ ಕಮ್ಯುನಿಟಿ ಆವೃತ್ತಿ, ಪಿಜಿಅಡ್ಮಿನ್ 4 ಮತ್ತು ಪಿಎಸ್‌ಕ್ಯೂಎಲ್ ಮೂರೂ ಉಚಿತ ಮತ್ತು ಮುಕ್ತ ತಂತ್ರಾಂಶಗಳಾದ್ದರಿಂದ ಇವುಗಳ ನಡುವಿನ ಆಯ್ಕೆಯಲ್ಲಿ ಹಣದ ಪ್ರಶ್ನೆ ಏಳುವುದಿಲ್ಲ. ಇಂಥವನ್ನು ಹೋಲಿಸುವಾಗ ಯಾವುದರಲ್ಲಿ ಏನೇನು ಸೌಲಭ್ಯಗಳಿವೆ ಎಂದು ಪಟ್ಟಿ ಮಾಡುವುದು ವಾಡಿಕೆ. ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಬರೆಯುವ ಡೆವಲಪರ್‌ಗೆ ಅಷ್ಟು ಸಾಕಾಗಬಹುದು. ಆದರೆ ನಿರ್ವಾಹಕರು ತಿಳಿಯಬೇಕಾದದ್ದು, ತಾವು ಗುಂಡಿ ಒತ್ತಿದಾಗ ತಂತ್ರಾಂಶವು ಸರ್ವರ್‌ಗೆ ಯಾವ ಕಮಾಂಡ್ ಕಳಿಸುತ್ತದೆ ಮತ್ತು ಕೆಲಸ ಮುಗಿದ ಮೇಲೆ ಅಲ್ಲಿ ಏನನ್ನು ಬಾಕಿ ಉಳಿಸುತ್ತದೆ ಎಂಬುದನ್ನು. ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಪ್ರಯೋಗಕ್ಕೆಂದು ಇರುವ ಸರ್ವರ್‌ನಲ್ಲಿ ಬಂದ ಕಮಾಂಡ್‌ಗಳನ್ನು ಲಾಗ್ ಕಡತದಲ್ಲಿ ದಾಖಲಿಸುವ ಲಾಗ್ ಸ್ಟೇಟ್‌ಮೆಂಟ್ ಸೆಟ್ಟಿಂಗನ್ನು ‘ಆಲ್’ ಎಂದು ಬದಲಿಸಿ, ತಂತ್ರಾಂಶದ ಎಡಬದಿಯ ಪಟ್ಟಿಯಲ್ಲಿ ಒಂದು ಟೇಬಲ್‌ನ ಹೆಸರನ್ನು ಬಿಡಿಸಿ ನೋಡಿದರೂ ಸಾಕು, ನಾವು ಬರೆಯದ ಹಲವು ಕ್ವೆರಿಗಳು ಲಾಗ್ ಕಡತದಲ್ಲಿ ಕಾಣಸಿಗುತ್ತವೆ.

ಡಿಬೀವರ್ ಜಾವಾದಲ್ಲಿ, ಎಕ್ಲಿಪ್ಸ್ ಚೌಕಟ್ಟಿನ ಮೇಲೆ ನಿರ್ಮಾಣವಾದದ್ದು. ಜೆಡಿಬಿಸಿ ಚಾಲಕ (ಜಾವಾ ತಂತ್ರಾಂಶವನ್ನು ಡೇಟಾಬೇಸ್‌ಗೆ ಜೋಡಿಸುವ ಕೊಂಡಿ) ಇರುವ ಬಹುಪಾಲು ಡೇಟಾಬೇಸ್‌ಗಳನ್ನು ಒಂದೇ ಕಿಟಕಿಯಿಂದ ತಲುಪುತ್ತದೆ. ಪೋಸ್ಟ್‌ಗ್ರೆಸ್ ಜೊತೆಗೆ ಮೈಎಸ್‌ಕ್ಯೂಎಲ್ ಅಥವಾ ಒರಾಕಲ್ ಕೂಡ ನೋಡಿಕೊಳ್ಳಬೇಕಾದವರಿಗೆ ಇದಕ್ಕೆ ಸಮನಾದ ಉಚಿತ ಆಯ್ಕೆ ನನಗೆ ಕಾಣುವುದಿಲ್ಲ. ಪ್ರತಿ ಸಂಪರ್ಕಕ್ಕೂ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಎಂಬ ಬಗೆಯನ್ನು ಗೊತ್ತುಮಾಡಿ ಬೇರೆ ಬೇರೆ ಬಣ್ಣ ಹಚ್ಚುವ ಏರ್ಪಾಡು ನೋಡಲು ಸಣ್ಣದಾದರೂ ಬಹಳ ಉಪಯುಕ್ತವಾದದ್ದು.

ಡಿಬೀವರ್ ಬಳಸುವಾಗ ಎಚ್ಚರ ಬೇಕಾಗುವುದು ಮ್ಯಾನ್ಯುಯಲ್ ಕಮಿಟ್ ವಿಧಾನದಲ್ಲಿ, ಅಂದರೆ ಬದಲಾವಣೆಗಳನ್ನು ಖಾಯಂಗೊಳಿಸುವ ಕಮಿಟ್ ಆದೇಶವನ್ನು ನಾವೇ ಕೊಡುವಾಗ. ಆಟೊ ಕಮಿಟ್ ನಿಲ್ಲಿಸಿಕೊಂಡರೆ ಸುರಕ್ಷಿತವೆಂದು ಹಲವರು ಭಾವಿಸುತ್ತಾರೆ, ಮತ್ತು ತಪ್ಪಿ ಬರೆದ ಅಪ್‌ಡೇಟನ್ನು ಹಿಂದಕ್ಕೆ ಪಡೆಯುವ ಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ವಿಧಾನದಲ್ಲಿ ಒಂದು ಸೆಲೆಕ್ಟ್ (ಓದುವ ಕ್ವೆರಿ) ಓಡಿಸಿ, ಕಮಿಟ್ ಮಾಡದೆ ಊಟಕ್ಕೆ ಎದ್ದು ಹೋದರೆ ಆ ಸೆಷನ್ ಸರ್ವರ್‌ನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ಮುಗಿಯಬೇಕಾದ ಕಮಾಂಡ್‌ಗಳ ಗುಂಪು, ಮುಗಿಯದೆ ಸುಮ್ಮನಿರುವ) ಸ್ಥಿತಿಯಲ್ಲಿ ಉಳಿದು, ಓದಿದ ಟೇಬಲ್‌ನ ಮೇಲಿನ ಹಗುರವಾದ ಲಾಕನ್ನು ಬಿಟ್ಟುಕೊಡುವುದಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬರು ಆ ಟೇಬಲ್‌ಗೆ ಹೊಸ ಕಾಲಮ್ ಸೇರಿಸಲು ಆಲ್ಟರ್ ಟೇಬಲ್ ಕೊಟ್ಟರೆ ಅದು ಈ ಲಾಕ್ ಬಿಡುಗಡೆಯಾಗಲೆಂದು ಕಾಯುತ್ತದೆ; ಆ ಬಳಿಕ ಬರುವ ಪ್ರತಿಯೊಂದು ಸೆಲೆಕ್ಟ್ ಕೂಡ ಆಲ್ಟರ್‌ನ ಹಿಂದೆ ಸಾಲುಗಟ್ಟುತ್ತದೆ. ಹೊರಗಿನಿಂದ ನೋಡುವವರಿಗೆ ಸರ್ವರ್ ಸ್ತಬ್ಧವಾದಂತೆ ತೋರುತ್ತದೆ, ಪ್ರೊಸೆಸರ್ ಮಾತ್ರ ಆರಾಮವಾಗಿರುತ್ತದೆ. ಬಾಕಿ ಉಳಿದ ಟ್ರಾನ್ಸಾಕ್ಷನ್ ಏನನ್ನಾದರೂ ಬರೆದಿದ್ದರೆ, ಅದಾದ ಮೇಲೆ ನಿರುಪಯುಕ್ತವಾದ ಸಾಲುಗಳನ್ನು ವ್ಯಾಕ್ಯೂಮ್ (ಪೋಸ್ಟ್‌ಗ್ರೆಸ್‌ನ ಸ್ವಚ್ಛತಾ ಕೆಲಸ) ತೆಗೆದುಹಾಕಲಾರದೆ ಹೋಗುವುದು ಇನ್ನೊಂದು ತೊಡಕು. ಇಂಥ ಟ್ರಾನ್ಸಾಕ್ಷನ್‌ಗಳನ್ನು ಮುಚ್ಚುವ ಹೊಣೆಯನ್ನು ಬಳಕೆದಾರರ ಕಂಪ್ಯೂಟರಿಗೆ ಬಿಡುವ ಬದಲು, ಪೋಸ್ಟ್‌ಗ್ರೆಸ್ 9.6ರಿಂದ ಸರ್ವರ್‌ನಲ್ಲೇ ಲಭ್ಯವಿರುವ ಕಾಲಮಿತಿಯ ಸೆಟ್ಟಿಂಗನ್ನು ಬಳಸುವುದು ಲೇಸು.

ಪಿಜಿಅಡ್ಮಿನ್‌ನ ಮೂರನೆಯ ಪೀಳಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಡೆಸ್ಕ್‌ಟಾಪ್ ತಂತ್ರಾಂಶವಾಗಿತ್ತು. 2016ರಲ್ಲಿ ಬಂದ ನಾಲ್ಕನೆಯದನ್ನು ಪೈಥಾನ್‌ನಲ್ಲಿ, ಬ್ರೌಸರ್ ಮೂಲಕ ಬಳಸುವಂತೆ ಹೊಸದಾಗಿ ಬರೆಯಲಾಯಿತು. ಹಳೆಯದರ ಚುರುಕು ಕಂಡವರಿಗೆ ಹೊಸದು ನಿಧಾನವೆನಿಸುತ್ತದೆ, ಆ ದೂರಿನಲ್ಲಿ ಹುರುಳಿದೆ. ಆದರೂ ಕ್ವೆರಿ ಯೋಜನೆಯನ್ನು (ಸರ್ವರ್ ಕ್ವೆರಿಯನ್ನು ಯಾವ ಹಂತಗಳಲ್ಲಿ ನಡೆಸುತ್ತದೆ ಎಂಬುದನ್ನು) ಚಿತ್ರವಾಗಿ ತೋರಿಸುವಲ್ಲಿ ಇದು ಡಿಬೀವರ್‌ಗಿಂತ ಸ್ಪಷ್ಟವಾಗಿದೆ ಎಂದು ನನ್ನ ಅಭಿಪ್ರಾಯ. ಇಲ್ಲಿ ಎಫ್ 7 ಒತ್ತಿದರೆ ಎಕ್ಸ್‌ಪ್ಲೇನ್, ಶಿಫ್ಟ್ ಜೊತೆಗೆ ಒತ್ತಿದರೆ ಎಕ್ಸ್‌ಪ್ಲೇನ್ ಅನಲೈಸ್. ಮೊದಲನೆಯದು ಅಂದಾಜು ಮಾತ್ರ. ಎರಡನೆಯದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಪರಿಶೀಲಿಸುತ್ತಿರುವುದು ಡಿಲೀಟ್ ಆಗಿದ್ದರೆ ಮೊದಲು ಬಿಗಿನ್ (ಟ್ರಾನ್ಸಾಕ್ಷನ್ ಆರಂಭ), ಕೊನೆಗೆ ರೋಲ್‌ಬ್ಯಾಕ್ (ಅದರ ರದ್ದು) ಕೊಡಲೇಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಶಿಫ್ಟ್ ಕೀಲಿಗೆ ಒಪ್ಪಿಸಿರುವುದು ನನಗೆ ಹಿಡಿಸಿಲ್ಲ.

ಪಿಎಸ್‌ಕ್ಯೂಎಲ್‌ನಲ್ಲಿ ಚಿತ್ರಗಳಿಲ್ಲ, ಟೈಪ್ ಮಾಡುವುದೊಂದೇ ದಾರಿ. ಆದರೆ ತಾನು ಏನು ಮಾಡುತ್ತಿದ್ದೇನೆಂದು ಹೇಳುವುದರಲ್ಲಿ ಇದರಷ್ಟು ನೇರವಾದದ್ದು ಬೇರೊಂದಿಲ್ಲ. ಸೂಪರ್‌ಯೂಸರ್ ಆಗಿ ಒಳಬಂದಿದ್ದರೆ ಪ್ರಾಂಪ್ಟ್‌ನ ಕೊನೆಯಲ್ಲಿ # ಚಿಹ್ನೆ, ಸಾಮಾನ್ಯ ಬಳಕೆದಾರರಾಗಿದ್ದರೆ > ಚಿಹ್ನೆ ಇರುತ್ತದೆ; ಈಚಿನ ಆವೃತ್ತಿಗಳಲ್ಲಿ ಟ್ರಾನ್ಸಾಕ್ಷನ್ ತೆರೆದಿದ್ದರೆ ಅದರ ಪಕ್ಕದಲ್ಲಿ ಒಂದು ನಕ್ಷತ್ರವೂ, ಆ ಟ್ರಾನ್ಸಾಕ್ಷನ್ ಕೆಟ್ಟಿದ್ದರೆ ಆಶ್ಚರ್ಯಸೂಚಕವೂ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ದೊಡ್ಡಕ್ಷರದ ‘ಇ’ ಆಯ್ಕೆಯೊಂದಿಗೆ ಆರಂಭಿಸಿದರೆ, ಬ್ಯಾಕ್‌ಸ್ಲ್ಯಾಶ್ ಕಮಾಂಡ್‌ಗಳಿಗಾಗಿ ತಾನು ಗುಟ್ಟಾಗಿ ಕಳಿಸುವ ಕ್ವೆರಿಗಳನ್ನೂ ಅದೇ ಮುದ್ರಿಸಿ ತೋರಿಸುತ್ತದೆ. ದೋಷವಿಲ್ಲವೆಂದಲ್ಲ. ಕಡತದಿಂದ ಸ್ಕ್ರಿಪ್ಟ್ ಓಡಿಸುವಾಗ ನಡುವೆ ಒಂದು ಸಾಲು ವಿಫಲವಾದರೂ, ಆನ್ ಎರರ್ ಸ್ಟಾಪ್ ಎಂದು ಮೊದಲೇ ತಿಳಿಸದಿದ್ದಲ್ಲಿ, ಅದು ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ. ವೇರ್ (ಯಾವ ಸಾಲುಗಳೆಂದು ಹೇಳುವ ಷರತ್ತು) ಇಲ್ಲದ ಅಪ್‌ಡೇಟನ್ನು ತಡೆಯುವ ವ್ಯವಸ್ಥೆಯೂ ಇದರಲ್ಲಿಲ್ಲ. ಮೈಎಸ್‌ಕ್ಯೂಎಲ್‌ನ ಕಮಾಂಡ್ ಲೈನ್ ತಂತ್ರಾಂಶದಲ್ಲಿ ಅದಕ್ಕಾಗಿ ಸೇಫ್ ಅಪ್‌ಡೇಟ್ಸ್ ಎಂಬ ಆಯ್ಕೆಯಿದ್ದು, ಅದಕ್ಕೆ ‘ಐ ಆಮ್ ಎ ಡಮ್ಮಿ’ ಎಂಬ ಇನ್ನೊಂದು ಹೆಸರನ್ನೂ ತಮಾಷೆಗೆ ಕೊಟ್ಟಿದ್ದಾರೆ.

ಬ್ಯಾಕಪ್ ವಿಷಯಕ್ಕೆ ಬಂದರೆ, ಡಿಬೀವರ್ ಮತ್ತು ಪಿಜಿಅಡ್ಮಿನ್‌ಗಳ ಬ್ಯಾಕಪ್ ಗುಂಡಿಗಳು ಮರೆಯಲ್ಲಿ ಓಡಿಸುವುದು ಪೋಸ್ಟ್‌ಗ್ರೆಸ್‌ನದೇ ಪ್ರತಿ ತೆಗೆಯುವ ತಂತ್ರಾಂಶವಾದ ಪಿಜಿ ಡಂಪನ್ನೇ. ತನಗಿಂತ ಹೊಸ ಪ್ರಧಾನ ಆವೃತ್ತಿಯ ಸರ್ವರ್‌ನಿಂದ ಪ್ರತಿ ತೆಗೆಯಲು ಪಿಜಿ ಡಂಪ್ ಒಪ್ಪುವುದಿಲ್ಲ. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ಸೇವೆಯಾದ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್‌ನ ಕಡತಗಳು ತಪ್ಪಾಗಿ ಅಳಿಸಿಹೋದಾಗ ಹೊರಬಿದ್ದದ್ದು ಇದೇ: ಸರ್ವರ್ 9.6, ಓಡುತ್ತಿದ್ದ ಪಿಜಿ ಡಂಪ್ 9.2. ಬ್ಯಾಕಪ್ ವಿಫಲವಾಗುತ್ತಿದೆ ಎಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವೆಂದು ಆ ಸಂಸ್ಥೆಯೇ ಬಹಿರಂಗವಾಗಿ ಬರೆದುಕೊಂಡಿತು. ಸುಮಾರು 6 ಗಂಟೆಗಳ ಡೇಟಾ ಕಳೆದುಹೋಯಿತು. ಆದ್ದರಿಂದ ಗುಂಡಿ ಒತ್ತುವ ಮೊದಲು ಪಿಜಿಅಡ್ಮಿನ್‌ನ ಬೈನರಿ ಪಾತ್ ಸೆಟ್ಟಿಂಗ್, ಡಿಬೀವರ್‌ನ ಲೋಕಲ್ ಕ್ಲೈಂಟ್ ಸೆಟ್ಟಿಂಗ್ ಯಾವ ಆವೃತ್ತಿಯತ್ತ ಬೊಟ್ಟುಮಾಡುತ್ತಿವೆ ಎಂದು ನೋಡಿಕೊಳ್ಳಬೇಕು. ಪಿಜಿ ಡಂಪ್ ಒಂದು ಡೇಟಾಬೇಸನ್ನಷ್ಟೇ ಉಳಿಸುತ್ತದೆ. ಲಾಗಿನ್ ರೋಲ್‌ಗಳು ಮತ್ತು ಅವುಗಳ ಪಾಸ್‌ವರ್ಡ್‌ಗಳನ್ನು ಪಿಜಿ ಡಂಪ್‌ಆಲ್ ಮೂಲಕ ಬೇರೆಯಾಗಿ ತೆಗೆದಿಡಬೇಕಾಗುತ್ತದೆ.