ನೆರೆ ಇಳಿದ ಮೇಲೆ ಬರುವ 'ರಿಪೇರಿ'ಯವರ ಕೈಗೆ ಹಳೇ ತಾಡೋಲೆ, ಕಡತ ಕೊಡುವ ಮುಂಚೆ ಇದನ್ನು ಓದಿ

ನದಿ ದಂಡೆಯ ಊರಲ್ಲಿ ಮಠ, ವಾಡೆ, ವಾಚನಾಲಯ, ಸಣ್ಣ ವಸ್ತುಸಂಗ್ರಹಾಲಯ ನೋಡಿಕೊಳ್ಳುವ ಎಲ್ಲರಿಗೂ ಒಂದು ಮಾತು. ನೆರೆ ಇಳಿದ ಕೂಡಲೇ ಯಾರಾದರೂ ಬಂದು "ನಿಮ್ಮ ಹಳೇ ಪುಸ್ತಕ, ತಾಡೋಲೆ ಎಲ್ಲ ಸರಿ ಮಾಡಿ ಕೊಡ್ತೀವಿ" ಅಂದರೆ, ಪಟ್ಟಿ ಮತ್ತು ರಸೀದಿ ಇಲ್ಲದೆ ಒಂದು ಹಾಳೆಯನ್ನೂ ಕೊಡಬೇಡಿ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದು ನೆನಪಿರಬೇಕು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಕಲ್ಲು ತಡೆದುಕೊಳ್ಳುತ್ತದೆ, ಕಾಗದ ತಡೆಯುವುದಿಲ್ಲ ಅಲ್ವಾ. ನಮ್ಮ ಕಡೆಯ ಒಂದು ಸಣ್ಣ ಮಠದಲ್ಲಿ ತಾಡೋಲೆ ಕಟ್ಟುಗಳು, ಕಡತಗಳು, ಜಾತ್ರೆ ಲೆಕ್ಕದ ಪುಸ್ತಕಗಳು, ಹಳೇ ಫೋಟೋಗಳು ಎಲ್ಲ ಕೆಸರಲ್ಲಿ ಮುಳುಗಿದವು. ನಾವು ಕೆಲವು ಗೆಳೆಯರು ಕೈಲಾದ ಕೆಲಸ ಮಾಡೋಣ ಅಂತ ಹೊರಟು, ರಸ್ತೆ ಕಿತ್ತುಹೋಗಿದ್ದರಿಂದ ತಡವಾಗಿ ತಲುಪಿದೆವು. ಅಷ್ಟರಲ್ಲಿ ಒಂದು ಏಜೆನ್ಸಿಯವರು ವ್ಯಾನ್ ತಂದು ಎಲ್ಲ ತುಂಬಿಕೊಂಡು ಹೋಗಿದ್ದರು. ಸರ್ಕಾರದ ಕಡೆಯಿಂದ ಬಂದಿದ್ದೇವೆ ಅಂದಿದ್ದರಂತೆ. ಮಠದ ಅಜ್ಜಾರು (ಸ್ವಾಮಿಗಳು) ಗಂಜಿ ಕೇಂದ್ರದಲ್ಲಿ ಊರವರಿಗೆ ಊಟದ ವ್ಯವಸ್ಥೆ ನೋಡುತ್ತಿದ್ದರು. ಅಂಥ ಹೊತ್ತಲ್ಲಿ ಅವರನ್ನು ತಪ್ಪು ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಜನರ ಆ ಅವಸ್ಥೆ ನೋಡಿಕೊಂಡೇ ಇವರು ಬರುವುದು, ಸಿಟ್ಟು ಬರುವುದೂ ಅದಕ್ಕೇ.

ಒಯ್ದ ಸಾಮಾನು ವಾಪಸ್ ಬಂದಾಗ ನೋಡಲಾಗಲಿಲ್ಲ. ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಬಳಪದಲ್ಲಿ ಬರೆಯುವ ಮಡಿಕೆ ಪುಸ್ತಕ. ಬಳಪದ ಅಕ್ಷರ ಒದ್ದೆ ಕೈ ತಾಗಿದರೇ ಹೋಗುತ್ತದೆ. ಆ ಪುಣ್ಯಾತ್ಮರು ಕೆಸರು ತೆಗೆಯುತ್ತೇವೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನೀರಲ್ಲಿ ಮುಳುಗಿದರೂ ಮಡಿಕೆಗಳ ಒಳಗೆ ಅಲ್ಲಲ್ಲಿ ಉಳಿದಿದ್ದ ಬರಹವೂ ಹೋಯಿತು. ಎಷ್ಟೋ ತಲೆಮಾರಿನ ಹೊಲ, ದಾನ, ಸಾಲದ ಲೆಕ್ಕ ಅದು. ಈಗ ಬರೀ ಕಪ್ಪು ಬಟ್ಟೆ.

ತಾಡೋಲೆಗಳನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವಿದ್ದರಂತೆ. ಗರಿಗಳು ಸುರುಳಿ ಸುತ್ತಿ, ದಾರದ ತೂತಿನ ಹತ್ತಿರ ಸೀಳಿದ್ದವು. ಲೆಕ್ಕದ ಪುಸ್ತಕಗಳ ಹೊಲಿಗೆ ಬಿಚ್ಚಿ, ಒಂದೊಂದು ಹಾಳೆಗೂ ಲ್ಯಾಮಿನೇಶನ್ ಮಾಡಿಸಿದ್ದರು. ನೋಡುವುದಕ್ಕೆ ಹೊಳೆಯುತ್ತದೆ, ಆದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ಕಿನ ಅಂಟು ಕಾಗದದ ಒಳಕ್ಕೇ ಇಳಿದಿರುತ್ತದೆ. ಆಮೇಲೆ ಹಾಳೆ ಕೆಡದಂತೆ ಅದನ್ನು ಬಿಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಪೂರ್ತಿ ಒಣಗದ ಹಾಳೆಯಾಗಿದ್ದರೆ ತೇವವೂ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೇ ಕಾಗದಕ್ಕೆ ಲ್ಯಾಮಿನೇಶನ್ ಬೇಡ. ಯಾರು ಹೇಳಿದರೂ ಬೇಡ.

ಇಷ್ಟೇ ಅಲ್ಲ. ಕೊಟ್ಟಷ್ಟು ಕಟ್ಟು ತಿರುಗಿ ಬರಲಿಲ್ಲ. ಕೇಳಿದರೆ "ಕೊಳೆತಿದ್ದವು, ಎಸೆದೆವು" ಅಂದರು. ಠಾಣೆಗೆ ಹೋದರೆ ಏನೇನಿತ್ತು, ಫೋಟೋ ಇದೆಯಾ, ಪಟ್ಟಿ ಇದೆಯಾ ಅಂತ ಕೇಳಿದರು. ಮಠದಲ್ಲಿ ಯಾವುದೂ ಇರಲಿಲ್ಲ. ಹೀಗಾಗಿ ದೂರಿಗೆ ಬಲವೇ ಬರಲಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ, ಕನಿಷ್ಠ 75 ವರ್ಷ ಹಳೆಯ ಹಸ್ತಪ್ರತಿಗೆ ಚಾರಿತ್ರಿಕ ಅಥವಾ ಸಾಹಿತ್ಯದ ಬೆಲೆ ಇದ್ದರೆ ಅದು ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಆದರೆ ಆ ವಸ್ತು ನಿಮ್ಮ ಹತ್ತಿರ ಇತ್ತು ಅಂತಲೇ ತೋರಿಸಲಾಗದಿದ್ದರೆ ಕಾಯ್ದೆ ಇಟ್ಟುಕೊಂಡು ಏನು ಮಾಡುತ್ತೀರಿ?

ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಮೊಬೈಲಲ್ಲಿ ಪ್ರತಿ ಕಟ್ಟಿನ ಫೋಟೋ ತೆಗೆದಿಡಿ, ನಂಬರ್ ಹಾಕಿ, ಪಟ್ಟಿಯ ಒಂದು ಪ್ರತಿ ಬೇರೆ ಊರಲ್ಲಿರುವವರ ಹತ್ತಿರ ಇರಲಿ. ನೀರು ಬಂದೇಬಿಟ್ಟರೆ, ಎತ್ತುವ ಮುಂಚೆ ಇದ್ದಲ್ಲೇ ಒಂದು ಫೋಟೋ. ಆಮೇಲೆ ಬೇಗ ಕೆಲಸ ಶುರುವಾಗಬೇಕು, ಯಾಕೆಂದರೆ ನಮ್ಮ ಸೆಕೆಯಲ್ಲಿ ಒದ್ದೆ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯಬಹುದು. ನೆರಳಲ್ಲಿ ಫ್ಯಾನ್ ಹಾಕಿ ಒಣಗಿಸಿ, ಗಾಳಿ ನೇರವಾಗಿ ಹಾಳೆಗೆ ಹೊಡೆಯದಿರಲಿ. ಪುಸ್ತಕ ಜಾಸ್ತಿ ಇದ್ದು ಕೈ ಸಾಲದಿದ್ದರೆ ಬಟರ್ ಪೇಪರಿನಲ್ಲಿ ಸುತ್ತಿ ಡೀಪ್ ಫ್ರೀಜರಿಗೆ ಹಾಕಿಸಿ. ಐಸ್‌ಕ್ರೀಮ್ ಅಂಗಡಿಯದ್ದಾದರೂ ಪರವಾಗಿಲ್ಲ, ಹತ್ತಿರದ ಪೇಟೆಯಲ್ಲಿ ಕರೆಂಟ್ ಇದ್ದರೆ ಸಾಕು. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ, ತಿಳಿದವರು ಸಿಗುವವರೆಗೆ ಟೈಮ್ ಸಿಗುತ್ತದೆ. ತಾಡೋಲೆ, ಕಡತ, ಫೋಟೋಗಳನ್ನು ಮಾತ್ರ ಕೇಳದೆ ಫ್ರೀಜರಿಗೆ ಹಾಕಬೇಡಿ. ನುಣುಪು ಆರ್ಟ್ ಪೇಪರಿನ ಪುಸ್ತಕ, ಒಂದಕ್ಕೊಂದು ತಾಗಿದ ಫೋಟೋ ಹಾಗೇ ಒಣಗಿದರೆ ಅಂಟಿಕೊಂಡು ಬಿಡುತ್ತವೆ, ಆಮೇಲೆ ಎಳೆದರೆ ಚಿತ್ರವೇ ಕಿತ್ತು ಬರುತ್ತದೆ.

ತಾಡೋಲೆಯ ಅಕ್ಷರದ ಕಪ್ಪು ತೊಳೆದು ಹೋಗಿದ್ದರೆ ಗಾಬರಿಯಾಗಬೇಡಿ. ಕಂಠ ಅನ್ನುವ ಕಬ್ಬಿಣದ ಮೊನೆಯಿಂದ ಕೊರೆದ ಗೆರೆ ಗರಿಯಲ್ಲೇ ಇರುತ್ತದೆ, ಬಲ್ಲವರು ಮತ್ತೆ ಮಸಿ ತುಂಬಿದರೆ ಓದಬಹುದು. ಹಾಳಾಗಿದೆ ಅಂತ ಹೊಳೆಗೆ ಬಿಡಬೇಡಿ. ಎಷ್ಟೋ ಕಡೆ ಹೀಗೇ ಬಿಟ್ಟಿದ್ದಾರೆ, ಹೊಟ್ಟೆ ಉರಿಯುತ್ತದೆ.

1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿದಾಗ, ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೆಸರಿನ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಹೊಗೆಸೊಪ್ಪು ಒಣಗಿಸುವ ಗೂಡುಗಳನ್ನೂ ಪುಸ್ತಕ ಒಣಗಿಸಲು ಬಳಸಿದರು. ಕೆಲವು ಪುಸ್ತಕಗಳ ರಿಪೇರಿ ದಶಕಗಳ ಕಾಲ ನಡೆಯಿತು. ವಾರದಲ್ಲಿ ಹೊಸದರ ಹಾಗೆ ಮಾಡಿ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ ಅನ್ನುವುದು ಅದಕ್ಕೇ. ಲಖನೌನ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಹಸ್ತಪ್ರತಿ ವಿಷಯಕ್ಕೆ ಅಲ್ಲಿಯ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇದೆ. ಮೊದಲು ಅವರನ್ನು ಕೇಳಿ.

ಮಠದವರು ಹೋದ ಕಟ್ಟುಗಳನ್ನು ಇನ್ನೂ ಹುಡುಕುತ್ತಿದ್ದಾರೆ. ಕೆಸರಿನ ಕಲೆ ಇರುವ ಕನ್ನಡ ತಾಡೋಲೆ ಎಲ್ಲಾದರೂ ಮಾರಾಟಕ್ಕೆ ಕಂಡರೆ, ಪಾಪ ಉಳಿಸೋಣ ಅಂತ ಕೂಡ ಕೊಳ್ಳಬೇಡಿ. ಸಾಧ್ಯವಾದರೆ ಫೋಟೋ ತೆಗೆದು, ಮಾರುತ್ತಿರುವ ಜಾಗ ಬರೆದುಕೊಂಡು ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸಿ.