ಕುರ್ತಾ ತಿರುಗಿಸಿ ಒಳಮೈ ನೋಡಿ: ದೊಡ್ಡ ಚೈನ್ ಅಂಗಡಿಯೊಂದರ ಹಳೆಯ ಗಿರಾಕಿಯ ವಿಮರ್ಶೆ

ರೇಟಿಂಗ್: 5ಕ್ಕೆ 2. ಗಂಡಸರ ಬಟ್ಟೆಗಾದರೆ 4 ಕೊಡುತ್ತಿದ್ದೆ. ಇದು ಹೆಂಗಸರ ವಿಭಾಗದ ಬಗ್ಗೆ ಮಾತ್ರ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಬೆಂಗಳೂರಿನವರಿಗೆ ಇಂಥವು ಗೊತ್ತೇ ಇವೆ. ಕೆಳಗೆ ಸೆಂಟು, ಲಿಪ್‌ಸ್ಟಿಕ್ಕು. ಒಂದು ಮಹಡಿ ಹತ್ತಿದರೆ ಹೆಂಗಸರ ಬಟ್ಟೆ. ಅದರ ಮೇಲೆ ಗಂಡಸರದು, ಮಕ್ಕಳದು. ಎಲ್ಲವೂ ಅವರದೇ ಬ್ರ್ಯಾಂಡು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅಲ್ಲಿನ ಗಿರಾಕಿ. ಮೆಂಬರ್‌ಶಿಪ್ ಕಾರ್ಡು, ಪಾಯಿಂಟು, ಹುಟ್ಟುಹಬ್ಬದ ಕೂಪನ್, ಎಲ್ಲಾ ಇದೆ. ಬಟ್ಟೆ ಮಾತ್ರ ಮೊದಲಿನ ಹಾಗಿಲ್ಲ.

ಇಷ್ಟು ವರ್ಷ ಅಲ್ಲಿಗೇ ಹೋಗುತ್ತಿದ್ದದ್ದು ತಲೆನೋವು ಇಲ್ಲ ಅಂತ. ಬ್ಯಾಂಕಿನಲ್ಲಿರಲಿ, ಶಾಲೆಯಲ್ಲಿರಲಿ, ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ವಾರವಿಡೀ ಹಾಕುವುದಕ್ಕೆ ಸಾದಾ ಕುರ್ತಾ ಬೇಕಲ್ವಾ? ತೋಳು ಮೊಣಕೈವರೆಗೆ, ಉದ್ದ ಮೊಣಕಾಲಿನ ಕೆಳಗೆ. ಬಗ್ಗಿದರೆ ಕುತ್ತಿಗೆ ಜಾರಬಾರದು. ಬಿಎಂಟಿಸಿ ಬಸ್ಸಿನಲ್ಲಿ ನಿಂತು ಬಂದರೂ ಬಟ್ಟೆ ಮೈಗೆ ಅಂಟಬಾರದು. ಶನಿವಾರ ಸಂಜೆ ಹೋದರೆ ಇಂಥದ್ದು ಎರಡು ಆರಿಸಿ ಅರ್ಧ ಗಂಟೆಯಲ್ಲಿ ಆಚೆ ಬರಬಹುದಿತ್ತು. ಚೌಕಾಸಿ ಇಲ್ಲ, ಟೈಲರ್ ಹತ್ತಿರ ಅಲೆದಾಟ ಇಲ್ಲ. ನಮ್ಮ ಆಫೀಸಿನಲ್ಲಿ ಒಂದೇ ಪ್ರಿಂಟಿನ ಕುರ್ತಾ ಹಾಕಿದವರು ಎದುರುಬದುರಾಗಿ ನಕ್ಕಿದ್ದೂ ಇದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಟ್ಟೆ ಚೆನ್ನಾಗಿತ್ತು, ಅಷ್ಟೇ.

ಈಗ ಏನಾಗಿದೆ ಅಂತ ತಿಳಿಯಬೇಕಾದರೆ ಹಳೆಯದೊಂದು, ಹೊಸದೊಂದು ಕುರ್ತಾ ಒಳಗಡೆ ಹೊರಗೆ ಮಾಡಿ ಮಂಚದ ಮೇಲೆ ಹರಡಿ. ನಾನು ಮಾಡಿದೆ. ಹಳೆಯದು ಕಡುನೀಲಿ ಕಾಟನ್, ಜಿಎಸ್‌ಟಿ ಬರುವುದಕ್ಕಿಂತ ಮುಂಚೆ ತೆಗೆದುಕೊಂಡದ್ದು. ಈಗಲೂ ಮನೆಯಲ್ಲಿ ಹಾಕುತ್ತೇನೆ. ಬಣ್ಣ ಮಾಸಿದೆ, ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟಿದ್ದಾರೆ. ಕೆಳಗಿನ ಅಂಚನ್ನು ಅಗಲವಾಗಿ ಮಡಿಸಿ ಹೊಲಿದಿದ್ದಾರೆ. ಎದೆಯ ಭಾಗಕ್ಕೆ ತೆಳು ಮಲ್‌ಮಲ್ ಲೈನಿಂಗ್ ಇದೆ. ಸ್ಲಿಟ್, ಅಂದರೆ ಪಕ್ಕದ ಸೀಳು, ಶುರುವಾಗುವ ಕಡೆ ಒಳಗಿನಿಂದ ಪುಟ್ಟ ಪಟ್ಟಿ ಕೊಟ್ಟು ಅಡ್ಡ ಹೊಲಿಗೆ ಹಾಕಿದ್ದಾರೆ. ಕೂತೆದ್ದಾಗ ಜಗ್ಗುವುದು ಅಲ್ಲೇ ತಾನೇ.

ಹೊಸದು ಹೊರಗಿನಿಂದ ಲಕಲಕ. ಪ್ರಿಂಟಿನ ಮೇಲೆ ಚಿನ್ನದ ಬಣ್ಣದ ಫಾಯಿಲ್, ಕುತ್ತಿಗೆಗೆ ಗೊಂಡೆ, ತೋಳಿಗೆ ಲೇಸು. ಒಳಗೆ ನೋಡಿದರೆ ಹೊಲಿಗೆಯ ಪಕ್ಕದಲ್ಲೇ ಓವರ್‌ಲಾಕ್ (ಎಳೆ ಬಿಡದ ಹಾಗೆ ಅಂಚು ಸುತ್ತುವ ಹೊಲಿಗೆ) ಹೊಡೆದು ಬಟ್ಟೆ ಕತ್ತರಿಸಿದ್ದಾರೆ. ಕಾಲು ಇಂಚೂ ಉಳಿದಿಲ್ಲ. ಲೈನಿಂಗ್ ಇಲ್ಲ, ಬೆಳಕಿಗೆ ಹಿಡಿದರೆ ಆಚೆ ಇರುವ ಕೈ ಕಾಣುತ್ತದೆ. ಅಂಚು ಎಷ್ಟು ಸಣ್ಣ ಮಡಿಕೆ ಅಂದರೆ ಒಂದು ಸಲ ಒಗೆದ ಮೇಲೆ ಸುರುಳಿ ಸುತ್ತಿಕೊಂಡಿತು. ಸ್ಲಿಟ್ ಹತ್ತಿರ ಪಟ್ಟಿಯೂ ಇಲ್ಲ, ಅಡ್ಡ ಹೊಲಿಗೆಯೂ ಇಲ್ಲ. ಕಂಕುಳು ಬಿಗಿ ಅಂತ ನಮ್ಮ ಟೈಲರ್‌ಗೆ ಬಿಚ್ಚಿ ಸಡಿಲ ಮಾಡಲು ಕೊಟ್ಟರೆ, ಒಳಮೈ ತಿರುಗಿಸಿ ನೋಡಿ, "ಬಿಚ್ಚೋಕೆ ಒಳಗೆ ಏನಿದೆ ಮೇಡಂ?" ಅಂದರು.

ಹ್ಯಾಂಗರ್‌ನಲ್ಲಿ ಕಣ್ಣಿಗೆ ಬೀಳುವುದಕ್ಕೆಲ್ಲ ಖರ್ಚು ಮಾಡಿದ್ದಾರೆ. ಕಣ್ಣಿಗೆ ಬೀಳದ ಕಡೆಯೆಲ್ಲ ಕತ್ತರಿ ಆಡಿಸಿದ್ದಾರೆ. ನನ್ನ ದೂರು ಇರುವುದು ಇಲ್ಲೇ. ಹೊಲಿದವರ ಮೇಲೆ ನನಗೆ ಸಿಟ್ಟಿಲ್ಲ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಂಗಸರನ್ನು ಕೇಳಿ ನೋಡಿ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಹೊಲಿಗೆಯೊಳಗೆ ಮಾರ್ಜಿನ್ ಬಟ್ಟೆ ಎಷ್ಟು ಬಿಡಬೇಕು, ಪಟ್ಟಿ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಮೆಷಿನ್ ಮುಂದೆ ಕೂತಿರುವುದಿಲ್ಲ.

ಇನ್ನು ಬಟ್ಟೆಯ ವಿಚಾರ. ಮೊದಲು ಚೀಟಿಯಲ್ಲಿ 100% ಕಾಟನ್ ಅಂತ ಇರುತ್ತಿತ್ತು. ಈಗ ಹತ್ತು ಕುರ್ತಾ ಸರಿಸಿದರೆ ಕಾಟನ್ ಸಿಗುವುದೇ ಅಪರೂಪ. ಎಲ್ಲಾ ವಿಸ್ಕೋಸು, ಪಾಲಿಯೆಸ್ಟರು, ಎರಡರ ಮಿಶ್ರಣ. ವಿಸ್ಕೋಸ್ ಅಂದರೆ ನಮ್ಮ ರೇಯಾನ್. ಮರದ ತಿರುಳಿನಿಂದ ಮಾಡುವ ನೂಲು. ಹರಿಹರದ ಪಕ್ಕ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಡದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ಆಗುವ ತಿರುಳು ಇದೇ ಕೆಲಸಕ್ಕೆ ಹೋಗುತ್ತದೆ. ಆ ಕಡೆಯವರಿಗೆ ಇದು ಹೊಸ ಸುದ್ದಿ ಅಲ್ಲ. ರೇಯಾನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನುಣುಪಾಗಿದೆ, ಚೆಂದ ಇಳಿಬೀಳುತ್ತದೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಹೆಚ್ಚುಕಡಿಮೆ ಅರ್ಧ ಇಳಿದುಹೋಗುತ್ತದೆ. ಒಗೆಯುವ ಕಲ್ಲಿನ ಮೇಲೆ ಕುಕ್ಕಿ, ಹಿಂಡಿ, ಕೊಡವಿ ಒಣಹಾಕುವ ನಮ್ಮ ಮನೆಗಳಿಗೆ ಅದು ಒಗ್ಗುವುದಿಲ್ಲ. ಕುಗ್ಗುತ್ತದೆ ಕೂಡ. ಮೊಣಕಾಲಿನ ಕೆಳಗಿದ್ದದ್ದು ಎರಡು ತಿಂಗಳಲ್ಲಿ ಮೊಣಕಾಲಿನ ಮೇಲೆ ಬಂದಿರುತ್ತದೆ. ರೇಯಾನ್ ಮಾರುವುದಾದರೆ ಮೊದಲೇ ಕುಗ್ಗಿಸಿ ಹೊಲಿಯಲಿ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಲಿ. ಪಕ್ಕದ ಹೊಲಿಗೆಯೊಳಗೆ ಉಗುರಿನಷ್ಟು ಚೀಟಿ, ಅದರಲ್ಲಿ ಇರುವೆ ಸಾಲಿನಂಥ ಅಕ್ಷರ. ಓದುವುದಕ್ಕೆ ನನ್ನ ಕನ್ನಡಕವೂ ಸಾಲುವುದಿಲ್ಲ.

ಕೇಳಿದರೆ "ಹತ್ತಿ ದುಬಾರಿ ಮೇಡಂ" ಅನ್ನುತ್ತಾರೆ. ನಿಜ, 2022ರಲ್ಲಿ ಹತ್ತಿಯ ಬೆಲೆ ಒಂದು ಕ್ಯಾಂಡಿಗೆ, ಅಂದರೆ 356 ಕೆಜಿಗೆ, ಒಂದು ಲಕ್ಷ ರೂಪಾಯಿ ದಾಟಿತ್ತು. ಆಮೇಲೆ ಇಳಿಯಿತು. ಹತ್ತಿ ಮಾತ್ರ ಕುರ್ತಾಗೆ ವಾಪಸ್ ಬರಲಿಲ್ಲ.

ಬೆಲೆಯದ್ದು ಬೇರೆಯೇ ಆಟ. 2017ರಲ್ಲಿ ಜಿಎಸ್‌ಟಿ ಬಂದಾಗ 1,000 ರೂಪಾಯಿವರೆಗಿನ ಬಟ್ಟೆಗೆ ಶೇ. 5, ಅದಕ್ಕಿಂತ ಜಾಸ್ತಿಯದಕ್ಕೆ ಶೇ. 12 ಇತ್ತು. ನಾನು ಹೇಳುತ್ತಿರುವ ಸಾದಾ ಕುರ್ತಾಗಳು ಬಹುಕಾಲ 999ರ ಒಳಗೇ ನಿಂತಿದ್ದವು. ಮೆಲ್ಲಗೆ 1,299 ಆಯಿತು, 1,499 ಆಯಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆಲ್ಲ ಶೇ. 5 ಮಾತ್ರ. ಲೆಕ್ಕದ ಪ್ರಕಾರ, ತೆರಿಗೆ ಸೇರಿ 1,299 ಇದ್ದ ಕುರ್ತಾ ಸುಮಾರು 1,218ಕ್ಕೆ ಇಳಿಯಬೇಕು. ನಾನು ಹೋಗುವ ಶಾಖೆಯಲ್ಲಿ ಶುರುವಿನಲ್ಲಿ ಕೆಲವಕ್ಕೆ ಹೊಸ ಬೆಲೆಯ ಚೀಟಿ ಅಂಟಿಸಿದ್ದರು. ಆಮೇಲೆ ಹೊಸ ಸ್ಟಾಕ್ ಬಂತು. ಅದರ ಮೇಲೆ ಮತ್ತೆ 1,299. ಹೊಸ ಡಿಸೈನು, ಹೊಸ ಬೆಲೆ, ಹಳೆಯದಕ್ಕೆ ಹೋಲಿಸುವುದು ಹೇಗೆ? ಯಾರೂ ಏನೂ ಕೇಳುವ ಹಾಗಿಲ್ಲ.

ಸೆಟ್ ಅಂತ ಮಾರುವುದರಲ್ಲಿ ಈಗ ದುಪಟ್ಟಾ ಇರುವುದಿಲ್ಲ. ಅದಕ್ಕೆ ಬೇರೆ ದುಡ್ಡು. ಪ್ಯಾಂಟಿನ ಸೊಂಟಕ್ಕೆ ಬರೀ ಎಲಾಸ್ಟಿಕ್, ಲಾಡಿ ಇಲ್ಲ. ಜೇಬು ಬಂದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಹಿಂದೆ ಕುರ್ತಾಗೆ ಜೇಬು ಇರಲಿಲ್ಲ ಅಂತ ನಾವೇ ಗೊಣಗುತ್ತಿದ್ದೆವು. ಆದರೆ ಈ ಬಟ್ಟೆಗೆ ಫೋನಿನ ಭಾರ ತಡೆಯುವ ಶಕ್ತಿ ಇಲ್ಲ. ಫೋನ್ ಹಾಕಿದರೆ ಇಡೀ ಕುರ್ತಾ ಬಲಗಡೆಗೆ ವಾಲುತ್ತದೆ.

ಅಳತೆ ಕೇಳಲೇಬೇಡಿ. ಅದೇ ಬ್ರ್ಯಾಂಡು, ಅದೇ ಸಾಲಿನ ಹ್ಯಾಂಗರು. ಒಂದರಲ್ಲಿ ಎಂ ಸರಿಹೋಗುತ್ತದೆ, ಪಕ್ಕದ್ದರಲ್ಲಿ ಎಕ್ಸ್‌ಎಲ್ ಕೂಡ ತೋಳಿಗೆ ಹತ್ತುವುದಿಲ್ಲ. ಬೇರೆ ಬೇರೆ ಕಡೆ ಹೊಲಿಸಿ ತರಿಸಿದರೆ ಹೀಗೇ ಆಗುವುದು. ಭಾರತೀಯರ ಮೈಗೆ ಸರಿಯಾದ ಅಳತೆಪಟ್ಟಿ ಬೇಕು ಅಂತ ನಿಫ್ಟ್‌ನವರು (ಕೇಂದ್ರ ಸರ್ಕಾರದ ಫ್ಯಾಷನ್ ಶಿಕ್ಷಣ ಸಂಸ್ಥೆ) ಇಂಡಿಯಾಸೈಜ್ ಎಂಬ ಯೋಜನೆ ಹಾಕಿಕೊಂಡು ಬೇರೆ ಬೇರೆ ಊರಿನ ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಕೆಲಸ ಕೈಗೆತ್ತಿಕೊಂಡರು. ಒಳ್ಳೆಯದೇ. ಆ ಪಟ್ಟಿ ಅಂಗಡಿಗಳಲ್ಲಿ ಬಳಕೆಗೆ ಬರುವವರೆಗೆ ಈ ಅಂಗಡಿಯವರು ತಮ್ಮ ಎಂ ಅಂದರೆ ಎಷ್ಟು ಇಂಚು ಅಂತ ತಾವೇ ಒಮ್ಮತಕ್ಕೆ ಬಂದರೂ ಸಾಕು. ಸೀರೆ ಉಡುವವರು ಪುಣ್ಯವಂತರು, ಈ ಗೋಳೇ ಇಲ್ಲ.

ಹೊಟ್ಟೆ ಉರಿಯುವುದು ಒಂದು ಮಹಡಿ ಮೇಲೆ ಹತ್ತಿದಾಗ. ಗಂಡಸರ ಶರ್ಟು ಈಗಲೂ ಕಾಟನ್. ಅಳತೆ 40, 42 ಅಂತ ನಂಬರಿನಲ್ಲಿ. ಜೇಬು ಗಟ್ಟಿ. ಒಳಪಟ್ಟಿಗೆ ಎರಡು ಗುಂಡಿ ಹೆಚ್ಚಿಗೆ ಹೊಲಿದಿರುತ್ತಾರೆ. ನಮ್ಮ ಯಜಮಾನರು ಹಳೆಯ ಶರ್ಟಿನ ನಂಬರ್ ನೋಡಿಕೊಂಡು ಹೋಗಿ, ಟ್ರಯಲ್ ರೂಮಿಗೂ ಹೋಗದೆ ತೆಗೆದುಕೊಂಡು ಬರುತ್ತಾರೆ. ಅದೇ ಕಂಪನಿ, ಅದೇ ಕಟ್ಟಡ! ನನಗೆ ಅನಿಸುವುದು, ಗಂಡಸರು ಹೋದ ವರ್ಷದ ಶರ್ಟೇ ಈ ವರ್ಷವೂ ಕೇಳುತ್ತಾರೆ, ಅದು ಕೆಟ್ಟಿತು ಅಂದರೆ ಬರುವುದು ನಿಲ್ಲಿಸುತ್ತಾರೆ ಅಂತ ಅಂಗಡಿಯವರಿಗೆ ಗೊತ್ತು. ಹೆಂಗಸರಿಗೆ ಬೇಕಾದದ್ದು ಬರೀ ಹೊಸತು ಅಂತ ಅವರೇ ತೀರ್ಮಾನಿಸಿಬಿಟ್ಟಿದ್ದಾರೆ. ಮಿಂತ್ರಾ, ಮೀಶೋ ಬಂದ ಮೇಲೆ, ಅಗ್ಗದ ಚೈನ್‌ಗಳು ಗಲ್ಲಿಗಲ್ಲಿಗೆ ತೆರೆದ ಮೇಲೆ, ಅವರ ಜೊತೆ ಓಡುವುದಕ್ಕೆ ಹೊರಟರು. ಅಗ್ಗದ ಅಂಗಡಿಯ 499ರ ಕುರ್ತಾ ನಾಲ್ಕು ತಿಂಗಳಿಗೆ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 1,299 ಕೊಟ್ಟು ಅದೇ ನಾಲ್ಕು ತಿಂಗಳು ಅಂದರೆ? ಹಳೆಯ ಸಾದಾ ಕಾಟನ್ ಕುರ್ತಾ ಇದೆಯಾ ಅಂತ ಕೇಳಿದರೆ ಸೇಲ್ಸ್ ಹುಡುಗಿ "ಅದು ಈ ಸೀಸನ್‌ನಲ್ಲಿ ಇಲ್ಲ ಮೇಡಂ" ಅಂದಳು. ಆಫೀಸಿಗೆ ಹೋಗುವುದಕ್ಕೆ ಎಂಥ ಸೀಸನ್ನು?

ವಾಪಸ್ ಕೊಡುವ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು. ಮೇಲೆ ಹೇಳಿದ ಹೊಸ ಕುರ್ತಾದ ಸ್ಲಿಟ್ ಒಂದು ದಿನ ಆಟೋ ಹತ್ತುವಾಗ ಪರ್ರನೆ ಸೊಂಟದವರೆಗೆ ಹರಿಯಿತು. ಬಿಲ್ ಹಿಡಿದುಕೊಂಡು ಹೋದೆ. "ಒಗೆದ ಬಟ್ಟೆ ತಗೊಳ್ಳಲ್ಲ" ಅಂದರು. ಮೊದಲು ಇದೇ ಅಂಗಡಿಯಲ್ಲಿ ಮರುಮಾತಿಲ್ಲದೆ ಬದಲಾಯಿಸಿ ಕೊಡುತ್ತಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ಅಂದರೆ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳಿಲ್ಲದಿದ್ದರೆ 30 ದಿನ. ಇದನ್ನು ಜೋರು ಮಾಡದೆ, ಮೆಲ್ಲಗೆ, ಬಿಲ್ಲು ತೋರಿಸಿಕೊಂಡೇ ಹೇಳಿದೆ. ಮ್ಯಾನೇಜರ್ ಬಂದರು, ಸುಮ್ನೆ ಕ್ರೆಡಿಟ್ ನೋಟ್ ಬರೆದುಕೊಟ್ಟರು. ನಗದು ಕೊಡಲಿಲ್ಲ. ಇನ್ನೂ ಎಳೆದಾಡುವ ಮನಸ್ಸಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನನಗೆ ಅವತ್ತು ಪುರಸೊತ್ತು ಇರಲಿಲ್ಲ. ಆ ನೋಟಿನಲ್ಲಿ ಮಗನಿಗೆ ಎರಡು ಟೀ ಶರ್ಟು ಬಂತು. ಅವು ಗಟ್ಟಿಯಾಗಿವೆ.

ಈಗ ನಾನು ಬಟ್ಟೆ ತೆಗೆದುಕೊಂಡು ಹೊಲಿಸುತ್ತೇನೆ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಒಳ್ಳೆ ಕಾಟನ್ ಸಿಗುತ್ತದೆ. ಕೈಮಗ್ಗದ್ದು ಬೇಕು ಅಂದರೆ ಪ್ರಿಯದರ್ಶಿನಿ ಮಳಿಗೆ ಇದೆ, ಖಾದಿ ಭಂಡಾರ ಇದೆ. ನನ್ನ ಅಳತೆಗೆ ಎರಡೂವರೆ ಮೀಟರ್ ಧಾರಾಳ. ಟೈಲರ್‌ಗೆ ಮಾರ್ಜಿನ್ ಬಿಡಿ, ಸ್ಲಿಟ್‌ಗೆ ಪಟ್ಟಿ ಹಾಕಿ ಅಂತ ಹೇಳಿ ಮಾಡಿಸುತ್ತೇನೆ. ಒಟ್ಟು ಖರ್ಚು ಅಂಗಡಿಯ ಕುರ್ತಾದಷ್ಟೇ ಆಗುತ್ತದೆ, ಕೆಲವು ಸಲ ಜಾಸ್ತಿಯೂ ಆಗುತ್ತದೆ. ತೊಂದರೆ ಇಲ್ಲ ಅಂತ ಹೇಳಲಾರೆ. ದಸರಾಕ್ಕೆ ಅಂತ ಕೊಟ್ಟದ್ದು ದೀಪಾವಳಿಗೆ ಬಂದರೆ ಪುಣ್ಯ. ಬಿಡುವಿಲ್ಲದೆ ದುಡಿಯುವ, ಚಿಕ್ಕಮಕ್ಕಳಿರುವ ಹೆಂಗಸರಿಗೆ ಇದೆಲ್ಲ ಆಗುವ ಕೆಲಸವೂ ಅಲ್ಲ. ಅಂಥವರಿಗಾಗಿಯೇ ಅಲ್ವಾ ಇಂಥ ಅಂಗಡಿ ಇದ್ದದ್ದು?

ಹಾಗಂತ ಪೂರ್ತಿ ಬಿಟ್ಟಿಲ್ಲ. ಒಳ ಉಡುಪು, ರಾತ್ರಿ ಹಾಕುವ ಕಾಟನ್ ಪೈಜಾಮ, ಮಕ್ಕಳ ಬಟ್ಟೆ ಈಗಲೂ ಚೆನ್ನಾಗಿವೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವುದಕ್ಕೆ ದುಡ್ಡು ಕೇಳುವುದಿಲ್ಲ. ಕುರ್ತಾ ತೆಗೆದುಕೊಳ್ಳಲೇಬೇಕು ಅಂದರೆ ಕಿಟಕಿ ಹತ್ತಿರ ಒಯ್ದು ಬೆಳಕಿಗೆ ಹಿಡಿಯಿರಿ, ಆ ಟ್ರಯಲ್ ರೂಮಿನ ಹಳದಿ ದೀಪವನ್ನು ನಂಬಬೇಡಿ. ಪಕ್ಕದ ಹೊಲಿಗೆ ತಿರುಗಿಸಿ ನೋಡಿ, ಚೀಟಿಯ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಜುಲೈ, ಜನವರಿಯ ಸೇಲ್‌ನಲ್ಲಿ ಹೋಗುವುದಾದರೆ ವಾರದ ಮಧ್ಯೆ ಬೆಳಿಗ್ಗೆ ಹೋಗಿ. ಎಂ ಮತ್ತು ಎಲ್ ಮೊದಲು ಖಾಲಿಯಾಗುತ್ತವೆ, ಭಾನುವಾರ ಸಂಜೆ ಹೋದರೆ ಉಳಿದಿರುವುದು ಬರೀ ಗೊಂಡೆಯವು.