ವ್ಯೂ ಲಕ್ಷ, ದುಡ್ಡೆಷ್ಟು? ಕನ್ನಡ ಬರಹಗಾರರ ಕಣ್ಣಲ್ಲಿ ಗೂಗಲ್ ಆಡ್‌ಸೆನ್ಸ್

ಸ್ವಂತ ವೆಬ್‌ಸೈಟ್ ಇಟ್ಟುಕೊಂಡು ಕನ್ನಡದಲ್ಲಿ ಬರೆಯುವ ಎಷ್ಟೋ ಜನರಿಗೆ ಮೊದಲ ಆದಾಯ ಬರುವುದು ಗೂಗಲ್ ಆಡ್‌ಸೆನ್ಸ್‌ನಿಂದ. ನಮ್ಮ ಸೈಟಿನಲ್ಲಿ ಜಾಹೀರಾತು ತೋರಿಸಿ, ಬಂದ ಹಣದಲ್ಲಿ ನಮಗೆ ಪಾಲು ಕೊಡುವ, 2003ರಿಂದ ನಡೆಯುತ್ತಿರುವ ಸೇವೆ. ಸೇರಲು ಶುಲ್ಕವಿಲ್ಲ, ಜಾಹೀರಾತುದಾರರ ಹಿಂದೆ ಅಲೆಯಬೇಕಿಲ್ಲ. ಆದರೆ ‘ಲೇಖನ ವೈರಲ್ ಆದರೆ ಕೈತುಂಬ ದುಡ್ಡು’ ಎಂದು ನಂಬಿ ಬಂದವರಿಗೆ ಇದು ಬೇಗ ಬೇಸರ ತರಿಸುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಮೊದಲು ನೋಡಬೇಕಾದ್ದು ಪೇಜ್ ವ್ಯೂ ಅಲ್ಲ, ಪೇಜ್ ಆರ್‌ಪಿಎಂ. ಅಂದರೆ ಸಾವಿರ ವ್ಯೂಗೆ ಬಿದ್ದ ದುಡ್ಡು. ನಟನೊಬ್ಬನ ಮದುವೆ ಸುದ್ದಿಗೆ 50,000 ವ್ಯೂ ಬಂದು ಆರ್‌ಪಿಎಂ 15 ರೂಪಾಯಿ ಇದ್ದರೆ ಸಿಗುವುದು 750. ಗೃಹಸಾಲದ ಕಂತು ಲೆಕ್ಕ ಹಾಕುವುದು ಹೇಗೆಂಬ ಲೇಖನಕ್ಕೆ 5,000 ವ್ಯೂ, ಆರ್‌ಪಿಎಂ 160 ಇದ್ದರೆ 800. (ಲೆಕ್ಕ ತೋರಿಸಲು ಹಾಕಿದ ಅಂಕಿಗಳಿವು; ಸೈಟಿನಿಂದ ಸೈಟಿಗೆ ಬದಲಾಗುತ್ತವೆ.) ಪುಟ ತೆರೆದಾಗಲೆಲ್ಲ ಅಲ್ಲಿನ ಜಾಗಕ್ಕೆ ಹರಾಜು ನಡೆಯುತ್ತದೆ. ಸಾಲ ಹುಡುಕುವವನಿಗಾಗಿ ಬ್ಯಾಂಕುಗಳು ಪೈಪೋಟಿಗೆ ಬೀಳುತ್ತವೆ, ಮದುವೆ ಫೋಟೋ ನೋಡಲು ಬಂದವನಿಗಾಗಿ ಅಷ್ಟು ಖರ್ಚು ಮಾಡುವವರು ಕಡಿಮೆ. ಅದೇ ಕನ್ನಡ ಲೇಖನವನ್ನು ಹಾವೇರಿಯಲ್ಲಿ ತೆರೆದರೆ ಒಂದು ಬೆಲೆ, ನ್ಯೂಜೆರ್ಸಿಯಲ್ಲಿ ತೆರೆದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ದಸರಾ, ದೀಪಾವಳಿ ಹೊತ್ತಿಗೆ ಬಿಡ್ (ಹರಾಜಿನಲ್ಲಿ ಕೂಗುವ ಬೆಲೆ) ಏರುತ್ತದೆ, ಜನವರಿಯಲ್ಲಿ ಇಳಿಯುತ್ತದೆ. ಜನವರಿಯ ಗ್ರಾಫ್ ನೋಡಿ ಬರವಣಿಗೆಯೇ ಕೆಟ್ಟಿತೆಂದು ತಲೆ ಕೆಡಿಸಿಕೊಳ್ಳಬೇಡಿ.

ಓದುಗರು ಎಲ್ಲಿಂದ ಬಂದರು ಎಂಬುದೂ ಮುಖ್ಯ. ವಾಟ್ಸಾಪ್ ಗುಂಪಿನಿಂದ ಬಂದವರು ತಲೆಬರಹ, ಮೊದಲ ಪ್ಯಾರಾ ನೋಡಿ ವಾಪಸ್ ಹೋಗುತ್ತಾರೆ. ಜಾಹೀರಾತಿನ ಅರ್ಧದಷ್ಟು ಭಾಗವಾದರೂ ಒಂದು ಸೆಕೆಂಡ್ ಪರದೆಯ ಮೇಲಿದ್ದರೆ ಮಾತ್ರ ಗೂಗಲ್ ಅದನ್ನು ‘ಕಂಡದ್ದು’ ಎಂದು ಎಣಿಸುತ್ತದೆ; ಕೆಳಗಿನ ಜಾಹೀರಾತು ಇವರ ಕಣ್ಣಿಗೇ ಬೀಳುವುದಿಲ್ಲ. ಫೋನಿನಲ್ಲಿ ಹುಡುಕದೆಯೇ ಲೇಖನ ತೋರಿಸುವ ಗೂಗಲ್ ಡಿಸ್ಕವರ್ ತರುವ ಜನಸಂದಣಿ ಒಂದೆರಡು ದಿನದ್ದು. ಸರ್ಚ್‌ನಿಂದ ಬಂದವರಿಗೆ ಬೇಕಾದ್ದೊಂದು ಇರುತ್ತದೆ, ಅದು ಸಿಗುವವರೆಗೆ ಓದುತ್ತಾರೆ. ‘ಈ ತಿಂಗಳ ಗೃಹಲಕ್ಷ್ಮಿ ಹಣ ಬಂತಾ?’ ಎಂಬ ಸುದ್ದಿಗೆ ನೂರು ಸೈಟುಗಳ ನೂಕುನುಗ್ಗಲು, ಮುಂದಿನ ತಿಂಗಳು ಅದು ರದ್ದಿ. ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕೆಂದು ಹಂತಹಂತವಾಗಿ ಬರೆದದ್ದು ವರ್ಷಗಟ್ಟಲೆ ಓಡುತ್ತದೆ.

ಪಾಲಿನ ವಿಚಾರದಲ್ಲಿ ಗೂಗಲ್‌ಗೆ ಒಳ್ಳೆಯ ಅಂಕ ಕೊಡಬಹುದು. 2024ರಿಂದ ಲೆಕ್ಕ ಎರಡು ಹಂತದ್ದು. ಜಾಹೀರಾತುದಾರ ಗೂಗಲ್ ಆಡ್ಸ್ (ಜಾಹೀರಾತು ಕೊಡುವವರಿಗಿರುವ ಗೂಗಲ್ ಸೇವೆ) ಮೂಲಕ 100 ರೂಪಾಯಿ ಕೊಟ್ಟರೆ ಆ ಕಡೆ ಸರಾಸರಿ 15 ಕಳೆದು, ಉಳಿದ 85ರಲ್ಲಿ ಶೇ. 80, ಅಂದರೆ 68 ರೂಪಾಯಿ ಸೈಟಿಗೆ. ಮೊದಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಆದರೆ ಕ್ಲಿಕ್ ಬದಲು ಈಗ ಜಾಹೀರಾತು ತೋರಿದ್ದಕ್ಕೆ ಹಣ. ಹಾಗೆಂದು ಪುಟದ ತುಂಬ ಜಾಹೀರಾತು ತುರುಕಿದರೆ ಓದುಗ ಓಡುತ್ತಾನೆ. ಆಟೋ ಆಡ್ಸ್ (ಗೂಗಲ್ ತಾನೇ ಜಾಗ ಆರಿಸಿ ಜಾಹೀರಾತು ಹಾಕುವ ವ್ಯವಸ್ಥೆ) ಹಾಕಿಕೊಂಡವರು ಸೆಟ್ಟಿಂಗ್‌ನಲ್ಲಿ ಜಾಹೀರಾತಿನ ಸಂಖ್ಯೆ ಇಳಿಸಿ, ಪರದೆ ಪೂರ್ತಿ ಮುಚ್ಚುವ ಬಗೆಯದ್ದನ್ನು ಆಫ್ ಮಾಡುವುದು ಮೇಲು.

ಹಣ ಕೈಗೆ ಬರುವ ದಾರಿಯಲ್ಲಿ ಮೂರು ಕಡೆ ಸಿಕ್ಕಿಹಾಕಿಕೊಳ್ಳುವವರಿದ್ದಾರೆ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ, ಅದೂ ಸಾದಾ ಅಂಚೆ. ಮನೆ ಹೆಸರು, ಊರು, ಪೋಸ್ಟು, ತಾಲ್ಲೂಕು ಸರಿಯಾಗಿ ಬರೆದು ಪೋಸ್ಟ್‌ಮ್ಯಾನ್‌ಗೊಂದು ಮಾತು ಹೇಳಿಡಿ. ನಾಲ್ಕು ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಆಮೇಲೆ 100 ಡಾಲರ್ ತುಂಬುವವರೆಗೆ ಕಾಯಬೇಕು. ಸಣ್ಣ ಸೈಟಿಗೆ ಇದು ತಿಂಗಳುಗಟ್ಟಲೆ ಹಿಡಿಯಬಹುದು, ಬಾಕಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ತುಂಬಿದ ಮೇಲೆ ಮುಂದಿನ ತಿಂಗಳ 21ರಿಂದ 26ರೊಳಗೆ ಪಾವತಿ. ಮೂರನೆಯದು ಸ್ವಿಫ್ಟ್ ಕೋಡ್, ಅಂದರೆ ವಿದೇಶದಿಂದ ಹಣ ಬರಲು ಬೇಕಾದ ಬ್ಯಾಂಕ್ ಗುರುತು: ಹಳ್ಳಿ ಶಾಖೆಗಳಿಗೆ ಸಾಮಾನ್ಯವಾಗಿ ತಮ್ಮದೇ ಕೋಡ್ ಇರುವುದಿಲ್ಲ, ವಿದೇಶಿ ವ್ಯವಹಾರ ನೋಡುವ ಶಾಖೆಯದ್ದನ್ನು ಕೇಳಿ ಪಡೆಯಿರಿ. ಖಾತೆಯ ಹೆಸರು ಬ್ಯಾಂಕಿನಲ್ಲಿರುವ ಹೆಸರಿಗೆ ಹೊಂದಬೇಕು. ಬ್ಯಾಂಕ್ ಪ್ರತಿ ವರ್ಗಾವಣೆಗೂ ಶುಲ್ಕ ಹಿಡಿಯುವುದಾದರೆ ಪಾವತಿ ಮಿತಿಯನ್ನು 100 ಡಾಲರಿಗಿಂತ ಏರಿಸಿ ಹಲವು ತಿಂಗಳದ್ದನ್ನು ಒಟ್ಟಿಗೆ ತರಿಸಿಕೊಳ್ಳಬಹುದು.

ಆಡ್‌ಸೆನ್ಸ್‌ಗೆ ಹಾಕಿದ ಅರ್ಜಿಯ ತಿರಸ್ಕಾರಕ್ಕೆ ಪದೇಪದೇ ಕಾಣುವ ಕಾರಣ ‘ಲೋ ವ್ಯಾಲ್ಯೂ ಕಂಟೆಂಟ್’, ಅಂದರೆ ಹುರುಳಿಲ್ಲದ ಬರಹ. ಪತ್ರಿಕಾ ಪ್ರಕಟಣೆ, ಬೇರೆ ಸೈಟಿನ ಸುದ್ದಿ ಎತ್ತಿ ಹಾಕಿದ ಸೈಟುಗಳಿಗೆ ಇದು ಹೇಳಿಮಾಡಿಸಿದಂತೆ ಬರುತ್ತದೆ. ಇನ್ನು ಸ್ನೇಹಿತರಿಗೆ ‘ಆಡ್ ಮೇಲೆ ಒಂದು ಕ್ಲಿಕ್ ಮಾಡ್ರೋ’ ಎಂದು ಹೇಳುವುದು, ದುಡ್ಡು ಕೊಟ್ಟು ವ್ಯೂ ತರಿಸುವುದು ಖಾತೆಗೇ ಕುತ್ತು.

ಆಡ್‌ಸೆನ್ಸ್‌ನ ದೊಡ್ಡ ಕೊರತೆ ಹಲವರು ಸೇರಿ ಬರೆಯುವ ಸೈಟುಗಳಲ್ಲಿ ಕಾಣುತ್ತದೆ. ಹಣ ಖಾತೆಯವರಿಗೆ ಹೋಗುತ್ತದೆ. ಯಾವ ಬರಹಗಾರನ ಲೇಖನ ಎಷ್ಟು ದುಡಿಯಿತು ಎಂದು ಅದೇ ಹಂಚಿಕೊಡುವುದಿಲ್ಲ. ಸಂಪಾದಕರು ವ್ಯೂ ಎಣಿಸಿ ಸಂಭಾವನೆ ಕೊಟ್ಟರೆ ಮೇಲಿನ ಉದಾಹರಣೆಯ ಮದುವೆ ಸುದ್ದಿಯವನಿಗೆ ಹತ್ತು ಪಾಲು, ಗೃಹಸಾಲ ಬರೆದವಳಿಗೆ ಒಂದು. ಇದಕ್ಕೆ ಪರಿಹಾರವುಂಟು: ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 4ಕ್ಕೆ ಆಡ್‌ಸೆನ್ಸ್ ಖಾತೆ ಜೋಡಿಸಿದರೆ ಪುಟವಾರು ಜಾಹೀರಾತು ಆದಾಯ ಕಾಣುತ್ತದೆ. ಅದನ್ನು ಶೀಟಿಗೆ ಇಳಿಸಿ, ಪಕ್ಕದಲ್ಲಿ ಲೇಖಕರ ಹೆಸರಿನ ಕಾಲಂ ಹಾಕಿ ಕೂಡಿದರಾಯಿತು. ಹಂಚುವ ಮುನ್ನ ತಿಂಗಳ ಅಂತಿಮ ಲೆಕ್ಕ ಬರಲಿ. ದಿನದಿನ ಕಾಣುವುದು ಅಂದಾಜು ಆದಾಯ. ಅಸಿಂಧು ಕ್ಲಿಕ್, ವ್ಯೂಗಳದ್ದನ್ನು ಕಳೆದ ಮೇಲೆ ಅದು ತಗ್ಗಬಹುದು. ಬರೆಯುವವರು ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಪಾಲು ವ್ಯೂ ಮೇಲೋ ಆದಾಯದ ಮೇಲೋ, ಅಂದಾಜಿನ ಮೇಲೋ ಅಂತಿಮದ ಮೇಲೋ, ಲೇಖನ ಹಳೆಯದಾದ ಮೇಲೂ ಪಾಲು ಬರುತ್ತದೋ ಇಲ್ಲವೋ.